ನಾತಿಯ ಏಳು ಪದಗಳು

ಭಾಗೀರಥಿಯ ಕೆಲಸ ಎಂಥದ್ದೆಂದು ಮೆಲ್ಬರ್ನಿನ ಕನ್ನಡದವರಿಗೆ ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ. ಯುಗಾದಿ ಊಟದ ಸಾಲಿನಲ್ಲಿ ಕಾಗದದ ತಟ್ಟೆ ಹಿಡಿದು ನಿಂತಾಗ ಯಾರಾದರೊಬ್ಬರು ವರ್ಷಕ್ಕೊಮ್ಮೆ ಕೇಳಿಯೇ ಕೇಳುತ್ತಿದ್ದರು.

“ಯೂನಿವರ್ಸಿಟಿಲಿ ಏನ್ ಕೆಲ್ಸ ನಿಮ್ದು? ಟೀಚಿಂಗಾ?”

“ಇಲ್ಲ, ಚಿಕ್ಕ ಮಕ್ಕಳಿಗೆ ಎಷ್ಟು ಪದ ಬರತ್ತೆ ಅಂತ ಎಣಿಸೋದು.”

“ಮಾತು ಎಣಿಸೋಕೂ ಸಂಬಳ ಕೊಡ್ತಾರಾ? ಹಾಗಾದ್ರೆ ನಮ್ಮನೆಗ್ ಬನ್ನಿ. ನಮ್ಮ ಅದ್ವಿಕ್ ಬಾಯಿ ಮುಚ್ಚೋದೇ ಇಲ್ಲ, ಓವರ್‌ಟೈಮ್ ಮಾಡ್ಬೇಕಾಗತ್ತೆ ನೀವು!”

ಸಾಲಿನಲ್ಲಿದ್ದವರೆಲ್ಲ ನಗುತ್ತಿದ್ದರು. ಭಾಗೀರಥಿಯೂ ನಗುತ್ತಿದ್ದಳು. ನಗುವುದು ಸುಲಭವಾಗಿತ್ತು, ವಿವರಿಸುವುದು ಕಷ್ಟ. ಅಷ್ಟರಲ್ಲಿ ಹೋಳಿಗೆ ಬಂದುಬಿಡುತ್ತಿತ್ತು.

ವಿವರಿಸಬೇಕೆಂದರೆ ಇಷ್ಟೇ. ಒಂದೂವರೆ, ಎರಡು ವರ್ಷದ ಮಗುವಿಗೆ ಯಾವ ಯಾವ ಪದಗಳು ಬರುತ್ತವೆ ಎಂದು ತಾಯಿಯನ್ನು ಕೇಳಿ ಒಂದು ಪಟ್ಟಿಯಲ್ಲಿ ಗುರುತು ಹಾಕುವುದು. ಇಂಗ್ಲಿಷ್ ಆಡುವ ಮಕ್ಕಳಿಗೆ ಇಂಥ ಪಟ್ಟಿ ಬಹಳ ವರ್ಷಗಳಿಂದ ಇದೆ. ಯಾವ ತಿಂಗಳಿಗೆ ಎಷ್ಟು ಪದ ಬಂದಿದ್ದರೆ ನಿಶ್ಚಿಂತೆ, ಎಷ್ಟಕ್ಕಿಂತ ಕಡಿಮೆಯಾದರೆ ಡಾಕ್ಟರ ಹತ್ತಿರ ಓಡಬೇಕು, ಎಲ್ಲ ಗೊತ್ತಾಗಿದೆ. ಆದರೆ ಎರಿಟ್ರಿಯಾದಿಂದ ಬಂದು ಮನೆಯಲ್ಲಿ ಟಿಗ್ರಿನ್ಯಾ ಭಾಷೆ ಆಡುವವರ ಮಗುವನ್ನು, ಸೊಮಾಲಿ ಮಗುವನ್ನು, ದಕ್ಷಿಣ ಸುಡಾನಿನ ಡಿಂಕಾ ಮಗುವನ್ನು ಯಾವ ಅಳತೆಯಲ್ಲಿ ಅಳೆಯುವುದು? ಇಂಗ್ಲಿಷಿನ ಪಟ್ಟಿಯಲ್ಲಿ ಅಳೆದರೆ ಜಾಣ ಮಗುವೂ ಪೆದ್ದಾಗಿ ಕಾಣುತ್ತದೆ. ಅಳೆಯದೆ ಬಿಟ್ಟರೆ ನಿಜವಾಗಿ ಕಿವಿ ಕೇಳದ ಮಗು ಐದು ವರ್ಷವಾದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಆ ಭಾಷೆಗಳಿಗೆ ಹೊಸದಾಗಿ ಪಟ್ಟಿ ಕಟ್ಟುವ ಯೋಜನೆಯೊಂದು ಶುರುವಾಗಿತ್ತು, ಭಾಗೀರಥಿ ಅದರಲ್ಲಿ ಮನೆಮನೆಗೆ ಹೋಗಿ ಕೇಳಿಬರುವವಳು. ಒಳ್ಳೆಯ ಕೆಲಸವೇ. ಈ ಕಥೆಯಲ್ಲಿ ಕೆಟ್ಟದ್ದು ಮಾಡಬೇಕೆಂದು ಹೊರಟವರು ಒಬ್ಬರೂ ಇಲ್ಲ. ಹಾಗಿದ್ದಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು.

ಅವಳಿಗೆ ಈ ಕೆಲಸ ಸಿಕ್ಕಿದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ಮೈಸೂರಿನಲ್ಲಿ ಮಾತು ಮತ್ತು ಶ್ರವಣದ ಡಿಗ್ರಿ ಮಾಡಿದ್ದಳು, ರ‍್ಯಾಂಕೂ ಬಂದಿತ್ತು. ತೊಂಬತ್ತಾರರಲ್ಲಿ ಎಂಜಿನಿಯರ್ ಗಂಡ ಮೂರ್ತಿಯ ಹಿಂದೆ ಮೆಲ್ಬರ್ನಿಗೆ ಬಂದಾಗ ಇಲ್ಲಿನವರು ಆ ಡಿಗ್ರಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಪರೀಕ್ಷೆ ಬರೆಯಿರಿ ಎಂದರು. ಮೊದಲನೆಯ ಸಲ ಬರೆದಾಗ ಮಗಳು ಅಮೂಲ್ಯಾ ಹೊಟ್ಟೆಯಲ್ಲಿದ್ದಳು. ಎರಡನೆಯ ಸಲ ಬರೆದಾಗ ನಾಲ್ಕು ಅಂಕ ಕಡಿಮೆ ಬಂತು. ಮೂರನೆಯ ಸಲ ಬರೆಯಲೇ ಇಲ್ಲ. ಹದಿನಾರು ವರ್ಷ ವೃದ್ಧಾಶ್ರಮವೊಂದರಲ್ಲಿ ಬೇರೆಯವರ ಅಜ್ಜಿಯರಿಗೆ ಸ್ನಾನ ಮಾಡಿಸಿದಳು. ಆಮೇಲೆ ಕ್ಲೇಟನ್ನಿನ ಯೂನಿವರ್ಸಿಟಿಯ ಈ ಕೆಲಸ ಸಿಕ್ಕಿತು. ವರ್ಷ ವರ್ಷ ಕಾಂಟ್ರ್ಯಾಕ್ಟ್ ಹೊಸದು ಮಾಡಬೇಕು, ಹೆಸರಿನ ಹಿಂದೆ ಮುಂದೆ ಏನೂ ಇಲ್ಲ. ಆದರೂ ಕತ್ತಿಗೆ ನೇತುಹಾಕಿಕೊಳ್ಳುವ ಗುರುತಿನ ಚೀಟಿ ಬಂದ ದಿನ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದಳು. ಆ ಚೀಟಿಯನ್ನು ಕಳೆದುಕೊಳ್ಳುವ ಹೆದರಿಕೆ ಅವಳನ್ನು ಬಿಟ್ಟದ್ದೇ ಇಲ್ಲ. ಮುಂದಿನದೆಲ್ಲ ನಡೆದದ್ದು ಆ ಹೆದರಿಕೆಯಿಂದಲೇ.

ಒಂದು ಸಲ ಸೊಮಾಲಿ ತಾಯಿಯೊಬ್ಬಳ ಮನೆಗೆ ಹೋಗಿ ಬಂದವಳು ಆಗಿನ್ನೂ ಕಾಗದದಲ್ಲಿದ್ದ ಫಾರ್ಮಿನ ಅಂಚಿನಲ್ಲಿ, ತಾಯಿ ಸಂಕೋಚದಿಂದ ಕಡಿಮೆ ಹೇಳಿರಬಹುದು, ಮಗುವಿಗೆ ಇನ್ನೂ ಹೆಚ್ಚು ಮಾತು ಇರುವಂತಿದೆ ಎಂದು ಬರೆದಳು. ಸೋಮವಾರದ ಮೀಟಿಂಗಿನಲ್ಲಿ ಯೋಜನೆಯ ಮುಖ್ಯಸ್ಥೆ ಹೆಲೆನ್ ಅದನ್ನು ಗೋಡೆಯ ಪರದೆಯ ಮೇಲೆ ಹಾಕಿ ತೋರಿಸಿದಳು. ಹೆಲೆನ್ ಕೆಟ್ಟವಳಲ್ಲ, ಯಾರ ಹುಟ್ಟುಹಬ್ಬವನ್ನೂ ಮರೆಯುವವಳಲ್ಲ.

“ಭಾಗಿ, ತಾಯಿ ಏನು ಹೇಳುತ್ತಾಳೋ ಅದಕ್ಕಷ್ಟೇ ಗುರುತು ಹಾಕಬೇಕು. ನಮ್ಮ ನಮ್ಮ ಊರಿನ ಅನುಭವ ತಂದು ಸೇರಿಸಿದರೆ ಅದು ಡೇಟಾ ಅಲ್ಲ, ಊಹೆ,” ಎಂದಳು, ಮೆತ್ತಗೆ.

ಮೇಜಿನ ಸುತ್ತ ಕೂತಿದ್ದ, ಅವಳ ಮಗಳ ವಯಸ್ಸಿನ ಸಂಶೋಧಕರು ತಮ್ಮ ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿದರು. ಭಾಗೀರಥಿಯ ಕಿವಿ ಕೆಂಪಾಯಿತು. ಅಂದಿನಿಂದ ಅವಳು ಅಂಚಿನಲ್ಲಿ ಏನನ್ನೂ ಬರೆಯಲಿಲ್ಲ.

ಎರಡು ಸಾವಿರದ ಇಪ್ಪತ್ಮೂರರ ಫೆಬ್ರುವರಿಯಲ್ಲಿ ಅವಳು ನಾತಿ ಎಂಬ ಮಗುವಿನ ಮನೆಗೆ ಹೋದಳು. ಫುಟ್ಸ್‌ಕ್ರೇ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ ಮೂರಂತಸ್ತಿನ ಹಳೆಯ ಇಟ್ಟಿಗೆಯ ಕಟ್ಟಡ. ಜೊತೆಗೆ ದುಭಾಷಿ ಸಾಬಾ. ಅವಳೂ ಎರಿಟ್ರಿಯಾದವಳೇ, ನರ್ಸಿಂಗ್ ಓದುತ್ತ ಗಂಟೆಯ ಲೆಕ್ಕದಲ್ಲಿ ದುಭಾಷಿಯ ಕೆಲಸ ಮಾಡುತ್ತಿದ್ದಳು. ಮೆಟ್ಟಿಲು ಹತ್ತುವಾಗಲೇ ಸಾಬಾ ಹೇಳಿದಳು, “ಇವರಿಗೆ ಮೊದಲು ಎರಡು ಮಕ್ಕಳು ತೀರಿಹೋಗಿವೆ. ಒಂದು ಸುಡಾನಿನ ಕ್ಯಾಂಪಿನಲ್ಲಿ, ಇನ್ನೊಂದು ಇಲ್ಲಿಗೆ ಬಂದ ಮೇಲೆ. ಇವನೊಬ್ಬನೇ ಉಳಿದವನು. ಗಂಡ ಇಲ್ಲ.”

ಬಾಗಿಲು ತೆಗೆದ ತಾಯಿ ಲೆತೆಗೆ ಮೂವತ್ತು ದಾಟಿರಲಿಲ್ಲ. ಬಿಳಿಯ ಹತ್ತಿಯ ಶಾಲು ಹೊದ್ದಿದ್ದಳು. ಅವಳ ಕಾಲಿಗೆ ಅಂಟಿಕೊಂಡು ನಾತಿ. ಇಪ್ಪತ್ತೆರಡು ತಿಂಗಳ ಹುಡುಗ, ಗುಂಗುರು ಕೂದಲು, ಕತ್ತಿನಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಚರ್ಮದ ಪುಟ್ಟ ತಾಯತ. ಅದನ್ನು ನೋಡಿದೊಡನೆ ಭಾಗೀರಥಿಗೆ ಅದೇನೆಂದು ತಿಳಿಯಿತು. ಯಾರೂ ವಿವರಿಸಬೇಕಾಗಿರಲಿಲ್ಲ.

ಲೆತೆ ಕಾಫಿಬೀಜ ಹುರಿಯಲು ಕೂತಳು. ಹುರಿದು, ಹೊಗೆಯನ್ನು ಬಂದವರ ಮುಖದ ಹತ್ತಿರ ಆಡಿಸಿ, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸಲ ಬಗ್ಗಿಸಿ ಕೊಡುವುದು ಅವರ ಕ್ರಮ. ಮೂರನೆಯದು ಕುಡಿಯದೆ ಎದ್ದರೆ ಆಶೀರ್ವಾದ ಬಿಟ್ಟು ಎದ್ದಂತೆ. “ಮೂರನೇ ಕಪ್ಪಿನ ತನಕ ಕೂತರೆ ಇವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ,” ಎಂದಳು ಸಾಬಾ. ಆದರೆ ಒಂದು ಮನೆಗೆ ನಲವತ್ತೈದು ನಿಮಿಷ. ಸಾಬಾಳಿಗೂ ಹನ್ನೊಂದಕ್ಕೆ ಇನ್ನೊಂದು ಆಸ್ಪತ್ರೆಯಲ್ಲಿ ಬುಕಿಂಗ್ ಇತ್ತು. ಮೊದಲ ಕಪ್ಪು ಮುಗಿಯುವ ಮೊದಲೇ ಭಾಗೀರಥಿ ಟ್ಯಾಬ್ಲೆಟ್ ತೆಗೆದು ಪಟ್ಟಿ ಶುರು ಮಾಡಿದಳು.

ನೂರು ಪದ. ಒಂದೊಂದನ್ನೂ ಸಾಬಾ ಟಿಗ್ರಿನ್ಯಾದಲ್ಲಿ ಹೇಳುವುದು, ಮಗು ಈ ಪದ ಆಡುತ್ತದೆಯೇ ಎಂದು ಕೇಳುವುದು.

ಬ್ರೆಡ್ಡು? ಇಲ್ಲ. ಬಾಗಿಲು? ಇಲ್ಲ. ಚಪ್ಪಲಿ? ಇಲ್ಲ. ಹಾಲು? ಲೆತೆ ಸ್ವಲ್ಪ ಯೋಚಿಸಿ ಹೂಂ ಎಂದಳು. ನೀರು? ಹೂಂ. ಕಣ್ಣು, ಮೂಗು, ಕೈ? ಇಲ್ಲ, ಇಲ್ಲ, ಇಲ್ಲ. ಒಂದೊಂದು ಇಲ್ಲ ಹೇಳುವಾಗಲೂ ಅವಳ ಕೈ ಹುಡುಗನ ಕತ್ತಿನ ತಾಯತವನ್ನು ಮುಟ್ಟಿ ಬರುತ್ತಿತ್ತು.

ಅಮ್ಮ?

“ಇಲ್ಲ,” ಎಂದಳು ಲೆತೆ, ನೆಲ ನೋಡುತ್ತ.

ಇಪ್ಪತ್ತೆರಡು ತಿಂಗಳ ಮಗು ಅಮ್ಮ ಅನ್ನುವುದಿಲ್ಲವಂತೆ. ಸಾಬಾ ಒಂದು ಗಳಿಗೆ ಭಾಗೀರಥಿಯ ಮುಖ ನೋಡಿದಳು. ಭಾಗೀರಥಿ ಪರದೆಯ ಮೇಲೆ ಇಲ್ಲ ಎಂಬ ಚೌಕವನ್ನು ಒತ್ತಿದಳು.

ಅವಳಿಗೆ ಗೊತ್ತಾಗಲಿಲ್ಲವೇ? ಚೆನ್ನಾಗಿ ಗೊತ್ತಾಗಿತ್ತು. ಅಮೂಲ್ಯಾಗೆ ಒಂದೂವರೆ ವರ್ಷವಾಗಿದ್ದಾಗ ಮೈಸೂರಿಗೆ ಕರೆದುಕೊಂಡು ಹೋಗಿದ್ದಾಗಿನ ಮಾತು. ಮಗು ಬೆಳಗಿನಿಂದ “ತಾತ ಎಲ್ಲೋದ, ತಾತ ಎಲ್ಲೋದ” ಎಂದು ಮನೆಯೆಲ್ಲ ಸುತ್ತುತ್ತಿತ್ತು. ಪಕ್ಕದ ಮನೆಯವರು ಬಂದು, ಮಗು ಮಾತಾಡುತ್ತಾ ಎಂದು ಕೇಳಿದ್ದೇ ತಡ, ಅತ್ತೆ ಗೌರಕ್ಕ ಮುಖ ಸಣ್ಣಗೆ ಮಾಡಿಕೊಂಡು, “ಎಲ್ಲೀ ಮಾತು ತಾಯಿ, ಬರೀ ಊ ಊ ಅಂತದೆ, ಅಷ್ಟೇ” ಎಂದುಬಿಟ್ಟಿದ್ದರು. ಅವರು ಹೋದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದರು. ಮಾತಿನ ಡಿಗ್ರಿ ಮಾಡಿದ್ದ ಸೊಸೆ ಆಗ ಒಳಗೊಳಗೇ ನಕ್ಕಿದ್ದಳು. ಮಕ್ಕಳನ್ನು ಕಳೆದುಕೊಂಡ ತಾಯಿ ಉಳಿದೊಂದು ಮಗುವಿನ ಮಾತನ್ನು ಪರದೇಶದ ಆಫೀಸಿನವರ ಮುಂದೆ ಹರವಿಡುವುದಿಲ್ಲ. ಇದನ್ನು ತಿಳಿಯಲು ಸಂಶೋಧನೆ ಬೇಡ, ಒಬ್ಬ ಅತ್ತೆ ಇದ್ದರೆ ಸಾಕು. ಆದರೂ ಭಾಗೀರಥಿಗೆ ಸೋಮವಾರದ ಮೀಟಿಂಗು, ಗೋಡೆಯ ಮೇಲೆ ಬೆಳಗುತ್ತಿದ್ದ ತನ್ನ ಕೈಬರಹ ನೆನಪಾದವು. ಕೊನೆಗೆ ನೂರರಲ್ಲಿ ಏಳು ಪದ. ಕಳಿಸು ಎಂಬ ಗುಂಡಿ ಒತ್ತಿ ಎದ್ದಳು. ಲೆತೆ ಎರಡನೆಯ ಸುತ್ತಿನ ಕಾಫಿ ಬಗ್ಗಿಸುತ್ತಿದ್ದವಳು ಕೈ ತಡೆದು ಕೂತುಬಿಟ್ಟಳು.

ಸಾಬಾ ದಡದಡ ಇಳಿದು ಹೋದಳು. ಭಾಗೀರಥಿಗೆ ಮಂಡಿನೋವು. ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದಳು. ಮುಚ್ಚಿದ ಬಾಗಿಲ ಹಿಂದೆ ನಾತಿ ಮಾತಾಡತೊಡಗಿದ.

ಒಂದು ಪದವಲ್ಲ, ಎರಡಲ್ಲ. ಇಷ್ಟು ಹೊತ್ತು ತಡೆದಿಟ್ಟ ನೀರು ಬಿಟ್ಟ ಹಾಗೆ. ಮೂರು ಮೂರು ಪದ ಸೇರಿಸಿ ಏನೋ ಕೇಳಿದ, ತಾಯಿ ಉತ್ತರ ಕೊಟ್ಟಳು, ಅದಕ್ಕೆ ಎದುರು ಮಾತಾಡಿದ, ಅವಳು ನಕ್ಕಳು, ಅವನು ಅದನ್ನೇ ಮತ್ತೆ ಹೇಳಿ ನಗಿಸಿದ. ಅರ್ಥ ತಿಳಿಯದಿದ್ದರೂ ಭಾಗೀರಥಿಯ ಕಿವಿ ಪಳಗಿದ ಕಿವಿ. ವಯಸ್ಸಿಗೆ ಮೀರಿದ ಮಾತು ಅದು. ಅವಳು ಒಂದು ಶೂ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಎರಡು ನಿಮಿಷ ಕೇಳಿದಳು. ಬಾಗಿಲು ತಟ್ಟಬಹುದಿತ್ತು. ಆಫೀಸಿಗೆ ಹೋಗಿ, ಈ ಫಾರ್ಮು ತಪ್ಪು, ನಾನೇ ಕೇಳಿಸಿಕೊಂಡೆ ಎಂದು ಒಂದು ಸಾಲು ಬರೆಯಬಹುದಿತ್ತು. ಫಾರ್ಮ್ ಆಗಲೇ ಹೋಗಿಯಾಗಿತ್ತು, ಟ್ರೇನಿಗೆ ಹೊತ್ತಾಗಿತ್ತು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳು. ಅವಳು ಹೆದರಿದ್ದಳು, ಅಷ್ಟೇ. ಇನ್ನೊಂದು ಶೂ ಹಾಕಿಕೊಂಡು ಮೆಟ್ಟಿಲಿಳಿದಳು.

ಆಮೇಲೆ ಎರಡೂವರೆ ವರ್ಷ ನಾತಿಯ ವಿಚಾರ ಅವಳ ಮನಸ್ಸಿನಲ್ಲಿ ಒಂದು ಸಣ್ಣ ಮುಳ್ಳಿನಂತೆ ಇತ್ತು, ಮುಟ್ಟಿದರೆ ಮಾತ್ರ ನೋವು. ಅವಳು ಮುಟ್ಟಲಿಲ್ಲ. ಮೂರ್ತಿ ರಿಟೈರಾದರು. ಕ್ಲೇಟನ್ನಿನ ಮನೆ ಬಿಟ್ಟು ಕ್ಲೈಡ್ ನಾರ್ತಿನ ಹೊಸ ಬಡಾವಣೆಗೆ ಬಂದರು. ಅಮೂಲ್ಯಾ ಕೆಲಸ ಸಿಕ್ಕಿ ಸಿಡ್ನಿಯ ಹ್ಯಾರಿಸ್ ಪಾರ್ಕಿಗೆ ಹೋದಳು. ಮತ್ತೆ ಎರಡು ಕಾಂಟ್ರ್ಯಾಕ್ಟ್ ಬಂದವು.

ಕಳೆದ ಸೆಪ್ಟೆಂಬರಿನಲ್ಲಿ ಯೋಜನೆಯ ಎರಡನೆಯ ಸುತ್ತು. ಮೊದಲು ಅಳೆದಿದ್ದ ಮಕ್ಕಳನ್ನೇ ನಾಲ್ಕೂವರೆ ವರ್ಷಕ್ಕೆ ಮತ್ತೆ ಅಳೆಯುವುದು. ಫೋನ್ ಮಾಡಿ ದಿನ ಗೊತ್ತು ಮಾಡುವ ಪಟ್ಟಿಯಲ್ಲಿ ನಾತಿಯ ಹೆಸರಿತ್ತು. ಮುಂದೆ ಹೊಸ ವಿಳಾಸ: ಬ್ಲ್ಯಾಕ್‌ಟೌನ್, ಸಿಡ್ನಿ.

ಈಗ ಲೆತೆಗೆ ಫೋನಿನಲ್ಲಿ ಮಾತಾಡುವಷ್ಟು ಇಂಗ್ಲಿಷ್ ಬರುತ್ತಿತ್ತು. ಬಿಡಿ ಬಿಡಿ ಪದ, ಆದರೆ ಜೋರಾಗಿ, ಧೈರ್ಯವಾಗಿ. ದುಭಾಷಿ ಬೇಕೆ ಎಂದು ಭಾಗೀರಥಿ ಕೇಳಿದಳು.

“ನೋ ನೋ. ನೋ ಟಿಗ್ರಿನ್ಯಾ. ನಾತಿ ಇಂಗ್ಲಿಷ್ ಓನ್ಲಿ. ಹೌಸ್, ಇಂಗ್ಲಿಷ್ ಓನ್ಲಿ. ವೆರಿ ಗುಡ್ ಬಾಯ್ ನೌ.”

“ಯಾಕೆ? ಯಾರು ಹೇಳಿದರು ಹಾಗೆ?”

ಲೆತೆ ಹೇಳಿದ್ದನ್ನು ಜೋಡಿಸಿಕೊಂಡರೆ ಹೀಗಿತ್ತು. ಏಳು ಪದ ಎಂದು ಬರೆದಿದ್ದ ಕಾಗದ ಯೂನಿವರ್ಸಿಟಿಯಿಂದ ಅಂಚೆಯಲ್ಲಿ ಬಂತು, ನಾತಿಯನ್ನು ಬಿಡುತ್ತಿದ್ದ ಶಿಶುಕೇಂದ್ರಕ್ಕೂ ಹೋಯಿತು. ಅಲ್ಲಿನ ಮೇಡಂ ಕಾಗದ ನೋಡಿ, ಇಂಥ ಮಗುವಿಗೆ ಎರಡು ಭಾಷೆ ಭಾರ, ಒಂದೇ ಸಾಕು, ಮನೆಯಲ್ಲೂ ಇಂಗ್ಲಿಷ್ ಆಡಿ ಎಂದರು. ಅಂದಿನಿಂದ ಲೆತೆ ಮಗನ ಜೊತೆ ತನ್ನ ಭಾಷೆಯಲ್ಲಿ ಒಂದು ಮಾತೂ ಆಡಿಲ್ಲ. ಸಿಡ್ನಿಗೆ ಅಣ್ಣನ ಆಸರೆಗೆ ಬಂದ ಮೇಲೆ ಅಣ್ಣನಿಗೂ ಹೇಳಿದಳು, ಇವನ ಮುಂದೆ ನಮ್ಮ ಮಾತು ಆಡಬೇಡ.

ಭಾಗೀರಥಿ ಫೋನಿಟ್ಟಳು. ಹೋಗಿ ಬಾತ್‌ರೂಮಿನಲ್ಲಿ ನಿಂತುಕೊಂಡಳು. ಒಂದು ಮನೆಯೊಳಗಿನ ಮಾತನ್ನು ತಾನು ನಿಲ್ಲಿಸಿದ್ದಳು. ತನ್ನ ಓದೇ ಮಾತು ಬರಿಸುವ ಓದು.

ಹೆಲೆನ್‌ಗೆ ಎಲ್ಲ ಹೇಳಿದಳು. ಬಾಗಿಲ ಹಿಂದೆ ಕೇಳಿಸಿಕೊಂಡದ್ದನ್ನೂ. ಹೆಲೆನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ನಮ್ಮ ಕಾಗದದಲ್ಲಿ ಮನೆಭಾಷೆ ಬಿಡಿ ಎಂದು ಎಲ್ಲೂ ಬರೆದಿಲ್ಲ, ಭಾಗಿ. ಬಿಡಬಾರದು ಎಂದೇ ನಾವು ಎಲ್ಲ ಕಡೆ ಹೇಳುತ್ತಿರುವುದು.”

“ಹೌದು. ಆದರೆ ಏಳು ಎಂದು ಬರೆದವಳು ನಾನು.”

“ಆ ವಾರವೇ ನೀನು ಹೇಳಬೇಕಿತ್ತು.” ಹೆಲೆನ್ ಕನ್ನಡಕ ಮತ್ತೆ ಹಾಕಿಕೊಂಡು ಮುಂದುವರಿಸಿದಳು, “ಈಗ ಹೋಗಿ ಅಳತೆ ಮಾಡಿಕೊಂಡು ಬಾ. ಮೊದಲ ಸುತ್ತಿನ ವಿಷಯ ಆ ತಾಯಿಯ ಹತ್ತಿರ ಎತ್ತಬೇಡ, ನಿಯಮಕ್ಕೆ ವಿರುದ್ಧ. ಏನು ಮಾಡಬೇಕೋ ಇಲ್ಲಿ ಕೂತು ಯೋಚಿಸೋಣ.”

ಮನೆಯಲ್ಲಿ ಮೂರ್ತಿಯೂ ಅದನ್ನೇ ತಮ್ಮ ಭಾಷೆಯಲ್ಲಿ ಹೇಳಿದರು. “ನೋಡು, ಅವಳು ನೋ ಅಂದ್ಲು, ನೀನು ನೋ ಅಂತ ಹಾಕ್ದೆ. ಪ್ರೊಸೀಜರ್ ಫಾಲೋ ಮಾಡಿದ್ದೀಯ. ಈಗ ಹೋಗಿ ತಲೆ ಮೇಲೆ ಕಲ್ಲು ಹಾಕ್ಕೊಳ್ಳೋದು ಯಾಕೆ? ಆ ಹೆಂಗಸು ಹೇಗೋ ನೆಮ್ಮದಿಯಾಗಿದ್ದಾಳೆ. ನೀನು ಹೇಳಿದ್ರೆ ಯಾರಿಗೆ ಉಪಕಾರ, ಅವಳಿಗಾ, ನಿಂಗಾ?”

ಆ ಪ್ರಶ್ನೆಯನ್ನು ಭಾಗೀರಥಿ ವಿಮಾನದಲ್ಲಿ ಸಿಡ್ನಿಯವರೆಗೂ ಹೊತ್ತುಕೊಂಡು ಹೋದಳು. ಹೇಳದಿದ್ದರೆ ಲೆತೆ ಇನ್ನು ಮುಂದೆಯೂ ಬಾಯಿ ಕಟ್ಟಿಕೊಂಡೇ ಇರುತ್ತಾಳೆ, ಹುಡುಗನಿಗೆ ತಾಯಿಯ ಮಾತು ಶಾಶ್ವತವಾಗಿ ಹೋಗುತ್ತದೆ. ಹೇಳಿದರೆ ತನ್ನ ಗುರುತಿನ ಚೀಟಿ ಹೋಗಬಹುದು, ಆ ತಾಯಿಯ ನೆಮ್ಮದಿಯಂತೂ ಖಂಡಿತ ಹೋಗುತ್ತದೆ.

ಆ ರಾತ್ರಿ ಹ್ಯಾರಿಸ್ ಪಾರ್ಕಿನಲ್ಲಿ ಅಮೂಲ್ಯಾಳ ಮನೆಯಲ್ಲಿ ಉಳಿದಳು. ಬೆಳಿಗ್ಗೆ ಕೆಳಗಿನ ಅಂಗಡಿಯಿಂದ ಅಮೂಲ್ಯಾ ಇಡ್ಲಿ ತಂದಳು. ತಾಯಿ ಕನ್ನಡದಲ್ಲಿ ಮಾತಾಡುವುದು, ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು, ಇಪ್ಪತ್ತೈದು ವರ್ಷದಿಂದ ಅವರಿಬ್ಬರ ನಡುವೆ ಹಾಗೆಯೇ ನಡೆದುಕೊಂಡು ಬಂದಿತ್ತು. ಅದರ ಬಗ್ಗೆ ಭಾಗೀರಥಿ ಎಷ್ಟೋ ಸಲ ಗೊಣಗಿದ್ದಳು. ಇವತ್ತು ಗೊಣಗಲಿಲ್ಲ. “ಮೊಸರು ಇದ್ಯಾ ನೋಡು” ಎಂದಾಗ ಮಗಳು ಸುಮ್ಮನೆ ಎದ್ದು ಫ್ರಿಜ್ ಬಾಗಿಲು ತೆರೆದಳು. ಅಷ್ಟನ್ನು ನೋಡಿ ಭಾಗೀರಥಿಯ ಕಣ್ಣು ತುಂಬಿಬಂತು.

“ವಾಟ್ ಹ್ಯಾಪನ್ಡ್, ಅಮ್ಮಾ?”

“ಏನಿಲ್ಲ. ಚಟ್ನಿ ಖಾರ.”

ಬ್ಲ್ಯಾಕ್‌ಟೌನಿನ ಮನೆ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ. ಲೆತೆಯ ಅಣ್ಣ ಕೆಲಸಕ್ಕೆ ಹೋಗಿದ್ದ. ಲೆತೆ ಭಾಗೀರಥಿಯನ್ನು ಬಾಗಿಲಲ್ಲೇ ಅಪ್ಪಿಕೊಂಡಳು, ಭುಜಕ್ಕೆ ಭುಜ ತಾಗಿಸಿ ಮೂರು ಸಲ. ಒಳಗೆ ಗೋಡೆ, ಬಾಗಿಲು, ಕುರ್ಚಿ, ಫ್ರಿಜ್ ಎಲ್ಲದರ ಮೇಲೂ ದಪ್ಪ ಇಂಗ್ಲಿಷ್ ಅಕ್ಷರದ ಚೀಟಿಗಳು. ಅವಳೇ ಬರೆದು ಅಂಟಿಸಿದ್ದು. ಮನೆ ಮಾತ್ರ ಬಹಳ ಮೌನವಾಗಿತ್ತು. ಮಗು ಇರುವ ಮನೆ ಹಾಗಿರುವುದಿಲ್ಲ.

“ನಾತಿ, ಕಮ್. ಸಿಟ್. ಗುಡ್ ಬಾಯ್.”

ಹುಡುಗ ಬಂದು ಕೂತ. ಎತ್ತರ ಬೆಳೆದಿದ್ದ. ತಾಯತವಿರಲಿಲ್ಲ. “ಈಟ್. ಸ್ಲೀಪ್. ಶೂಸ್. ಡೋಂಟ್.” ಲೆತೆ ಮಗನಿಗೆ ಹೇಳಿದ್ದೆಲ್ಲ ಅಷ್ಟೇ. ಅವಳ ಬಳಿ ಇದ್ದ ಇಂಗ್ಲಿಷಿನಲ್ಲಿ ಅಷ್ಟೇ ತಾಯ್ತನ ಮಾಡಲು ಸಾಧ್ಯವಿತ್ತು. ಒಂದು ಕಥೆ ಹೇಳಲು, ಅಣಕಿಸಲು, ಬೈದು ಆಮೇಲೆ ಮುದ್ದು ಮಾಡಲು ಅದು ಸಾಲುತ್ತಿರಲಿಲ್ಲ.

ಇಂಗ್ಲಿಷಿನ ಅಳತೆಯಲ್ಲಿ ನಾತಿ ವಯಸ್ಸಿಗಿಂತ ಮುಂದಿದ್ದ. ಅದೆಲ್ಲ ಶಿಶುಕೇಂದ್ರದಲ್ಲಿ, ಟೀವಿಯಲ್ಲಿ ಕಲಿತದ್ದು. ನಿಯಮದಂತೆ ಟಿಗ್ರಿನ್ಯಾದ ಭಾಗವನ್ನೂ ಮಾಡಬೇಕಿತ್ತು. ಟ್ಯಾಬ್ಲೆಟ್ ಒಂದು ಪದ ನುಡಿಯುತ್ತದೆ, ಮಗು ನಾಲ್ಕು ಚಿತ್ರದಲ್ಲಿ ಸರಿಯಾದದ್ದನ್ನು ಮುಟ್ಟಬೇಕು. ಹೆಂಗಸೊಬ್ಬಳ ದನಿ ಟಿಗ್ರಿನ್ಯಾದಲ್ಲಿ ನೀರು ಎಂದಿತು. ನಾತಿ ಚಿತ್ರಗಳನ್ನು ನೋಡಿದ, ಭಾಗೀರಥಿಯನ್ನು ನೋಡಿದ, ಕುರ್ಚಿಯನ್ನು ಮುಟ್ಟಿದ. ಹಾಲು ಎಂದಿತು. ಹುಡುಗ ತಲೆಯಾಡಿಸಿದ. ಹಿಂದಿನ ಸಲ ತಾಯಿ ಒಪ್ಪಿಕೊಟ್ಟಿದ್ದ ಏಳರಲ್ಲಿ ಒಂದೂ ಉಳಿದಿರಲಿಲ್ಲ. ಪದ ಕೇಳಿಬಂದಾಗಲೆಲ್ಲ ಪಕ್ಕದಲ್ಲಿ ಕೂತ ಲೆತೆಯ ತುಟಿ ತಾನಾಗಿಯೇ ಸಣ್ಣಗೆ ಅಲುಗುತ್ತಿತ್ತು.

ಮುಗಿದ ಮೇಲೆ ನಾತಿ ನೆಲದ ಮೇಲೆ ಕಾರುಗಳನ್ನು ಹರಡಿಕೊಂಡ. ಲೆತೆ ದಪ್ಪನೆಯ ಸಿಹಿ ಬ್ರೆಡ್ಡು ತಂದಿಟ್ಟಳು. ಭಾಗೀರಥಿಯ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡಳು.

“ಥ್ಯಾಂಕ್ಯೂ ಸಿಸ್ಟರ್. ನೀವು ಬರದಿದ್ದರೆ ನನ್ನ ಮಗ ಮಾತಿಲ್ಲದವನು ಆಗುತ್ತಿದ್ದ.” ಅವಳು ತುಂಡು ತುಂಡು ಇಂಗ್ಲಿಷಿನಲ್ಲಿ, ನಡುನಡುವೆ ಪದಕ್ಕೆ ತಡಕಾಡುತ್ತ ಹೇಳಿದಳು. “ಅವತ್ತು ನಾನು ಸುಳ್ಳು ಹೇಳಿದೆ. ನಾತಿ ತುಂಬ ಮಾತಾಡುತ್ತಿದ್ದ. ನಮ್ಮ ಜನ, ಮಗುವಿಗೆ ಇದು ಬರುತ್ತದೆ ಅದು ಬರುತ್ತದೆ ಅಂತ ಹೇಳಿದರೆ, ಕಣ್ಣು ಬೀಳುತ್ತದೆ. ಎರಡು ಮಕ್ಕಳು ಹೋದರು ನನಗೆ. ಅದಕ್ಕೆ ಇಲ್ಲ ಇಲ್ಲ ಅಂದೆ. ದೇವರು ಕೇಳಿಸಿಕೊಂಡ. ನಿಮ್ಮ ಪೇಪರಿನಲ್ಲಿ ಬಂತು, ನನ್ನ ಸುಳ್ಳೇ ನಿಜವಾಯಿತು. ನನ್ನ ತಪ್ಪು, ನನ್ನ ಬಾಯಿ. ನೀವು ಪೇಪರ್ ಕಳಿಸಿ ಅವನನ್ನು ಉಳಿಸಿದಿರಿ.”

ಸುಮ್ಮನೆ ತಲೆಯಾಡಿಸಿ ಬ್ರೆಡ್ಡು ತಿಂದು ಎದ್ದುಬರಬಹುದಿತ್ತು. ನಿಯಮವೂ ಅದನ್ನೇ ಹೇಳುತ್ತಿತ್ತು, ಗಂಡನೂ ಅದನ್ನೇ ಹೇಳಿದ್ದರು. ಆದರೆ ಎರಡೂವರೆ ವರ್ಷದಿಂದ ಈ ಹೆಂಗಸು ಮಗನ ಮಾತು ಕಿತ್ತವಳು ತಾನೇ ಎಂದುಕೊಂಡು ಬದುಕಿದ್ದಾಳೆ. ಆ ಪಾಪವನ್ನೂ ಇವಳ ತಲೆಗೇ ಬಿಟ್ಟು ಹೋಗುವುದು ಭಾಗೀರಥಿಯಿಂದ ಆಗಲಿಲ್ಲ.

“ಲೆತೆ, ನಿಮ್ಮ ಬಾಯಿಂದ ಏನೂ ಆಗಿಲ್ಲ. ನಿಮ್ಮ ಮಗನಿಗೆ ಯಾವ ತೊಂದರೆಯೂ ಇರಲಿಲ್ಲ. ಅವತ್ತು ನನಗೆ ಗೊತ್ತಿತ್ತು.”

ಲೆತೆಗೆ ತಿಳಿಯಲಿಲ್ಲ. ಭಾಗೀರಥಿ ಇನ್ನೂ ಸರಳವಾಗಿ, ಬಾಗಿಲು ತೋರಿಸಿ, ಕಿವಿ ಮುಟ್ಟಿ ತೋರಿಸಿ ಹೇಳಿದಳು. ನಾನು ಹೊರಗೆ ಕೂತಿದ್ದೆ. ಅವನು ಮಾತಾಡಿದ, ತುಂಬ ಚೆನ್ನಾಗಿ. ನಾನು ಕೇಳಿಸಿಕೊಂಡೆ. ಆದರೂ ಪೇಪರಿನಲ್ಲಿ ಏಳು ಅಂತಲೇ ಬಿಟ್ಟೆ.

ಲೆತೆ ಹಿಡಿದಿದ್ದ ಕೈಯನ್ನು ನಿಧಾನವಾಗಿ ಬಿಟ್ಟಳು.

“ನಿಮಗೆ ಗೊತ್ತಿತ್ತು?”

“ಗೊತ್ತಿತ್ತು.”

“ಯಾಕೆ ಬರೆದಿರಿ?”

“ಹೆದರಿಕೆಯಾಯಿತು.”

“ಯಾರ ಹೆದರಿಕೆ?”

“ಆಫೀಸಿನದು.”

“ಆಫೀಸು,” ಎಂದಳು ಲೆತೆ. ಗಡಿ ದಾಟಿ, ಮರಳುಗಾಡು ನಡೆದು, ಎರಡು ಮಕ್ಕಳನ್ನು ಮಣ್ಣು ಮಾಡಿ ಬಂದವಳು ಆ ಪದವನ್ನು ಮತ್ತೊಮ್ಮೆ ಹೇಳಿ ನೋಡಿದಳು. ಕೂಗಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಇನ್ನೂ ಚಿಕ್ಕವನು ಲೆತೆ. ಇವತ್ತಿನಿಂದಲೇ ನಿಮ್ಮ ಮಾತು ಆಡಿ. ಬರುತ್ತದೆ. ನಾನು ಬರೆದುಕೊಡುತ್ತೇನೆ, ಶಿಶುಕೇಂದ್ರಕ್ಕೂ ಹೇಳುತ್ತೇನೆ.” ಭಾಗೀರಥಿ ಹೇಳುತ್ತಲೇ ಇದ್ದಳು. ಲೆತೆ ಕೇಳಿಸಿಕೊಳ್ಳುತ್ತಿರಲಿಲ್ಲ. ಎದ್ದು ಹೋಗಿ ಮಗನ ಎದುರು ನೆಲದ ಮೇಲೆ ಕೂತಳು. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಭಾಷೆಯಲ್ಲಿ ಮಾತಾಡತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಒಂದೇ ಉಸಿರಿಗೆ. ಇಂಗ್ಲಿಷಿನಲ್ಲಿ ತಡಕಾಡುತ್ತಿದ್ದವಳೇ ಇವಳು ಎನಿಸುವಂತಿರಲಿಲ್ಲ. ದನಿ ಏರಿತು, ಇಳಿಯಿತು, ಒಂದು ಕಡೆ ಹಾಡಿನಂತಾಯಿತು, ಕಣ್ಣೀರು ಗಲ್ಲದವರೆಗೆ ಇಳಿಯಿತು. ಹುಡುಗ ಮರಗಟ್ಟಿದಂತೆ ಕೂತಿದ್ದ. ಕೈಯಲ್ಲಿ ಕೆಂಪು ಕಾರು.

ಸ್ವಲ್ಪ ಹೊತ್ತಾದ ಮೇಲೆ ಅವನು ತಾಯಿಯ ಕೈಗಳ ನಡುವಿನಿಂದ ಮುಖ ಹೊರಳಿಸಿ ಭಾಗೀರಥಿಯ ಕಡೆ ನೋಡಿದ. ಹೆದರಿದ್ದ.

“ವಾಟ್ಸ್ ಮೈ ಮಮ್ ಸೇಯಿಂಗ್?” ಎಂದು ಕೇಳಿದ.

ಭಾಗೀರಥಿಗೂ ಟಿಗ್ರಿನ್ಯಾ ತಿಳಿಯುತ್ತಿರಲಿಲ್ಲ. ಹುಡುಗ ಕೇಳಿದ್ದು ಇಂಗ್ಲಿಷಿನಲ್ಲಿ, ಚಿಕ್ಕ ಚಿಕ್ಕ ಪದಗಳಲ್ಲಿ. ಲೆತೆಗೆ ಪೂರ್ತಿ ಅರ್ಥವಾಯಿತು. ಅವಳು ಮಾತು ನಿಲ್ಲಿಸಿದಳು.